ಎಳೆಯರ ಅಕ್ಷರಾಭ್ಯಾಸವೂ ದೂರದರ್ಶನವೂ

ಐದಾರು ವರ್ಷದ ಮಗುವು ಪಾಠಶಾಲೆಯ ಹೊಸ್ತಿಲನ್ನು ದಾಟಿ ಬಂದು ಒಂದೆರಡು ವಾರಗಳಾಗುವುದರೊಳಗಾಗಿ, ಉಪಾಧ್ಯಾಯನಾದವನಿಗೆ ಒಂದು ಸಂಗತಿಯು ತಾನಾಗಿಯೇ ತಿಳಿದುಬರುತ್ತದೆ. ಕೆಲವು ಮಕ್ಕಳು ಪುಸ್ತಕವನ್ನು ಕೈಗೆ ಕೊಟ್ಟೊಡನೆ ನೆಟ್ಟಗೆ ಹಿಡಿದು, ಎಡದಿಂದ ಬಲಕ್ಕೆ ಬೆರಳಾಡಿಸುತ್ತವೆ; ಮತ್ತೆ ಕೆಲವು ಅದನ್ನು ತಲೆಕೆಳಗಾಗಿ ಹಿಡಿದು ಪಕ್ಕದವರ ಮುಖವನ್ನು ನೋಡುತ್ತವೆ. ಬುದ್ಧಿಯಲ್ಲಿ ಈ ಎರಡನೆಯ ಗುಂಪು ಮೊದಲನೆಯದಕ್ಕೆ ಎಳ್ಳಷ್ಟೂ ಕಡಮೆಯಲ್ಲ. ಮೊದಲನೆಯ ಗುಂಪಿನವರ ಮನೆಯಲ್ಲಿ ಪತ್ರಿಕೆಯೋ ಪಂಚಾಂಗವೋ ಕಥೆಯ ಪುಸ್ತಕವೋ ಕಣ್ಣಿಗೆ ಬೀಳುವಂತೆ ಇರುತ್ತದೆ. ರಾತ್ರಿಯ ಹೊತ್ತು ಅದನ್ನು ಓದಿ ಹೇಳುವ ತಂದೆಯೋ ಅಜ್ಜಿಯೋ ಇರುತ್ತಾರೆ. ಎರಡನೆಯವರಿಗೆ ಆ ಭಾಗ್ಯವಿಲ್ಲ, ಭೇದವು ಇಷ್ಟೆ. ಆದರೆ ಈ ಅಲ್ಪಭೇದವೇ ಮೂರನೆಯ ತರಗತಿಯ ಹೊತ್ತಿಗೆ ಬೆಳೆದು, ಒಬ್ಬನು ಪಾಠವನ್ನು ಓದಿಕೊಂಡು ಕಲಿಯುತ್ತಿರುವಾಗ ಇನ್ನೊಬ್ಬನು ಅಕ್ಷರಗಳನ್ನು ಕೂಡಿಸುವುದರಲ್ಲಿಯೇ ಬಳಲುತ್ತಿರುವುದನ್ನು ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಂಡಿದ್ದೇವೆ. ಹಾಗೆ ಬಳಲಿದವರಲ್ಲಿ ಎಷ್ಟೋ ಮಂದಿ ಶಾಲೆಯನ್ನೇ ಬಿಟ್ಟು ಹೋದರು.

ಈ ಎರಡು ಬಗೆಯ ಮನೆಗಳಲ್ಲಿಯೂ ಈಗ ಸಾಮಾನ್ಯವಾಗಿ ಕಾಣಬರುವ ವಸ್ತುವೊಂದುಂಟು. ಅದೇ ಟೆಲಿವಿಷನ್ನು. ಪುಸ್ತಕವಿಲ್ಲದ ಮನೆಗಳು ಬೇಕಾದಷ್ಟಿವೆ. ಇದಿಲ್ಲದ ಮನೆಗಳು ವರ್ಷೇವರ್ಷೇ ಕಡಮೆಯಾಗುತ್ತಿವೆ. ಇದರಿಂದ ಮಕ್ಕಳು ಕೆಡುತ್ತಾರೆಂದು ಗೊಣಗುವುದು ವೃದ್ಧರಿಗೆ ಸಹಜ. ನಾವೂ ಆಗಾಗ್ಗೆ ಗೊಣಗುವುದುಂಟು. ಆದರೆ ಗೊಣಗಿದ ಮಾತ್ರಕ್ಕೆ ಅದು ಮನೆ ಬಿಟ್ಟು ಹೋಗತಕ್ಕದ್ದಲ್ಲವಾದುದರಿಂದ, ಇದರಿಂದ ಎಳೆಯರಿಗೆ ಅಕ್ಷರವನ್ನೂ ಒಳ್ಳೆಯ ಅಭ್ಯಾಸಗಳನ್ನೂ ಕಲಿಸುವುದು ಸಾಧ್ಯವೆ, ಸಾಧ್ಯವಾದರೆ ಎಷ್ಟರ ಮಟ್ಟಿಗೆ ಎಂಬುದನ್ನು ವಿಚಾರಮಾಡುವುದು ಮೇಲು. ಈ ಪ್ರಶ್ನೆಗೆ ಅರ್ಧಶತಮಾನಕ್ಕೂ ಮಿಕ್ಕ ಪರೀಕ್ಷೆಯ ಉತ್ತರವು ದೊರೆಯುವುದರಿಂದ, ಅದನ್ನು ನಮ್ಮ ವಾಚಕರ ಮುಂದಿಡಬೇಕೆಂದು ತೋರಿತು.

ಆ ಪರೀಕ್ಷೆಯು ನಡೆದುದು ಮೊದಲು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ. ೧೯೬೬ರಲ್ಲಿ ನ್ಯೂಯಾರ್ಕ್ ನಗರದ ಒಂದು ಮನೆಯಲ್ಲಿ ಕೆಲವರು ಮಿತ್ರರು ರಾತ್ರಿಯ ಊಟಕ್ಕೆ ಸೇರಿದ್ದರು. ಊಟಕ್ಕೆ ಕರೆದವರು ಜೋನ್ ಗ್ಯಾನ್ಜ್ ಕೂನಿ ಎಂಬ, ದೂರದರ್ಶನಕ್ಕಾಗಿ ಕಾರ್ಯಕ್ರಮಗಳನ್ನು ಸಿದ್ಧಪಡಿಸುತ್ತಿದ್ದ ಮಹಿಳೆ. ಅತಿಥಿಗಳಲ್ಲಿ ಕಾರ್ನೆಗೀ ಸಂಸ್ಥೆಯ ಲಾಯ್ಡ್ ಮಾರಿಸೆಟ್ ಎಂಬ ಮನಃಶಾಸ್ತ್ರಜ್ಞರೊಬ್ಬರಿದ್ದರು. ಇವರ ಮೂರು ವರ್ಷದ ಮಗಳು ಬೆಳಗಿನ ಝಾವದಲ್ಲಿಯೇ ಎದ್ದು, ಕಾರ್ಯಕ್ರಮಗಳು ಇನ್ನೂ ಆರಂಭವಾಗದಿರುವಾಗ ಬರಿಯ ಗೆರೆಗಳ ಗುರುತಿನ ಚಿತ್ರವನ್ನೇ ನೋಡುತ್ತ ಕುಳಿತಿರುತ್ತಿದ್ದಳಂತೆ. ಜಾಹೀರಾತಿನ ಹಾಡುಗಳೆಲ್ಲವೂ ಆ ಮಗುವಿಗೆ ಬಾಯಿಗೆ ಬರುತ್ತಿದ್ದುವು. ಸಾಬೂನಿನ ಹಾಡನ್ನು ಕಲಿಯಬಲ್ಲ ಮಗುವು ಅಕ್ಷರಮಾಲೆಯನ್ನು ಏತಕ್ಕೆ ಕಲಿಯಲಾರದು? ಈ ಒಂದು ಪ್ರಶ್ನೆಯಿಂದ ಹುಟ್ಟಿದುದೇ ‘ಸೆಸಮೆ ಸ್ಟ್ರೀಟ್’ ಎಂಬ ಜಗತ್ಪ್ರಸಿದ್ಧವಾದ ಮಕ್ಕಳ ಕಾರ್ಯಕ್ರಮ.

ಹೆಸರಿನ ವಿಷಯವಾಗಿ ಒಂದು ಮಾತು. ಆಲಿಬಾಬನ ಕಥೆಯಲ್ಲಿ ಕಳ್ಳರ ಗುಹೆಯ ಬಾಗಿಲನ್ನು ತೆರೆಯುವ ಮಂತ್ರವನ್ನು ಎಲ್ಲರೂ ಬಲ್ಲರು. ಅರಬ್ಬೀ ಭಾಷೆಯಲ್ಲಿ ‘ಸಿಮ್‌ಸಿಮ್’ ಎಂದರೆ ಎಳ್ಳು. ಇಂಗ್ಲಿಷಿನ ‘ಸೆಸಮೆ’ಯೂ ಅದೇ. ಮುಚ್ಚಿದ ಭಂಡಾರವು ಈ ಮಾತಿನಿಂದ ತೆರೆಯಲೆಂಬ ಭಾವ. ನಮ್ಮವರಾದರೆ ‘ತಿಲವೀಥಿ’ಯೆಂದು ಕರೆಯುತ್ತಿದ್ದರೋ ಏನೋ!

ಕೂನಿಯವರು ಮೊದಲು ಮಾಡಿದ ಕೆಲಸವೆಂದರೆ ಊರೂರು ತಿರುಗಿ ಶಿಶುಶಿಕ್ಷಣವನ್ನು ಬಲ್ಲವರನ್ನು ಕಂಡು ವರದಿಯನ್ನು ಬರೆದುದು. ಅನಂತರ ೧೯೬೮ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯು ಸ್ಥಾಪಿತವಾಯಿತು. ಎರಡು ವರ್ಷಗಳ ಕೆಲಸಕ್ಕಾಗಿ ೮೦ ಲಕ್ಷ ಡಾಲರುಗಳು ಕೂಡಿದುವು. ಅದರಲ್ಲಿ ಸುಮಾರು ಅರ್ಧವನ್ನು ಸರ್ಕಾರವೇ ಕೊಟ್ಟಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜೆರಾಲ್ಡ್ ಲೆಸರ್ ಎಂಬ ಪ್ರಾಧ್ಯಾಪಕರು ಉಪಾಧ್ಯಾಯರು, ಮನಃಶಾಸ್ತ್ರಜ್ಞರು, ಚಿತ್ರಕಾರರು, ಗೊಂಬೆಯಾಡಿಸುವವರು ಇವರೆಲ್ಲರನ್ನೂ ಒಂದೆಡೆ ಕೂಡಿಸಿ, ಮೂರರಿಂದ ಐದು ವರ್ಷದ ಮಕ್ಕಳಿಗೆ ಏನೇನು ಕಲಿಸಬೇಕೆಂಬುದನ್ನು ಗೊತ್ತುಮಾಡಿಸಿದರು. ನಾಟಕವಾಡುವವನೂ ಪಾಠ ಹೇಳುವವನೂ ಒಂದೇ ಜಗುಲಿಯ ಮೇಲೆ ಕುಳಿತು ಆಲೋಚಿಸಿದರೆಂಬುದೇ ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ. ಸಾಧಾರಣವಾಗಿ ಇವರಿಬ್ಬರೂ ಒಬ್ಬರನ್ನೊಬ್ಬರು ತಿರಸ್ಕಾರದಿಂದಲೇ ನೋಡುವವರಲ್ಲವೆ?

ಇದಕ್ಕಿಂತ ಸ್ವಾರಸ್ಯವಾದುದು ಅವರು ಕೈಗೊಂಡ ಪರೀಕ್ಷೆಯ ಕ್ರಮ. ಎಡ್ವರ್ಡ್ ಪಾಮರ್ ಎಂಬುವರು ಮಗುವಿನ ಮುಂದೆ ದೂರದರ್ಶನವನ್ನಿಟ್ಟು, ಅದರ ಪಕ್ಕದಲ್ಲಿಯೇ ಇನ್ನೊಂದು ತೆರೆಯ ಮೇಲೆ ಏಳೂವರೆ ಸೆಕೆಂಡಿಗೊಂದರಂತೆ ಬಣ್ಣಬಣ್ಣದ ಬೇರೆ ಚಿತ್ರಗಳು ಬದಲಾಗುವಂತೆ ಏರ್ಪಡಿಸಿದರು. ಮಗುವಿನ ಕಣ್ಣು ಯಾವ ಕ್ಷಣದಲ್ಲಿ ಆ ಕಡೆಗೆ ತಿರುಗಿತೋ ಅದನ್ನು ಗುರುತುಹಾಕಿಕೊಳ್ಳುವುದು. ಕಣ್ಣು ತಿರುಗಿದ ಭಾಗವು ಕಾರ್ಯಕ್ರಮದಲ್ಲಿ ಸಪ್ಪೆಯಾದ ಭಾಗವೆಂದು ತಿಳಿದು ಅದನ್ನು ತಿದ್ದುವುದು. ಪಾಠ ಹೇಳುವವರಾದ ನಮ್ಮನ್ನು ಇಂಥ ಪರೀಕ್ಷೆಗೆ ಗುರಿಮಾಡಿದ್ದರೆ ಎಷ್ಟು ಜನ ಉಳಿಯುತ್ತಿದ್ದೆವೋ ಹೇಳಲಾರೆವು.

೧೯೬೯ನೆಯ ಜುಲೈಯಲ್ಲಿ ಫಿಲಡೆಲ್ಫಿಯ ನಗರದಲ್ಲಿ ಐದು ಕಾರ್ಯಕ್ರಮಗಳನ್ನು ಹೀಗೆ ಪರೀಕ್ಷಿಸಿದಾಗ ಒಂದು ವಿಚಿತ್ರವು ಹೊರಬಿದ್ದಿತು. ನಿಜವನ್ನೂ ಕಲ್ಪನೆಯನ್ನೂ ಬೆರೆಸಿದರೆ ಮಕ್ಕಳು ಗೊಂದಲಕ್ಕೊಳಗಾಗುವರೆಂದು ಪಂಡಿತರು ಹೇಳಿದ್ದರಿಂದ, ಬೀದಿಯ ದೃಶ್ಯಗಳಲ್ಲಿ ಬರಿಯ ಮನುಷ್ಯರನ್ನೂ, ಬೇರೆ ದೃಶ್ಯಗಳಲ್ಲಿ ಗೊಂಬೆಗಳನ್ನೂ ಇರಿಸಿದ್ದರು. ಗೊಂಬೆಗಳು ಬಂದಾಗ ಮಕ್ಕಳು ನೆಟ್ಟ ದೃಷ್ಟಿಯಿಂದ ನೋಡಿದರು. ಮನುಷ್ಯರು ಮಾತನಾಡಲಾರಂಭಿಸಿದೊಡನೆ ಆ ಕಡೆ ಈ ಕಡೆ ನೋಡತೊಡಗಿದರು. ಆಗ ಪಂಡಿತರ ಮಾತನ್ನು ಬದಿಗಿಟ್ಟು, ಗೊಂಬೆಗಳನ್ನು ಬೀದಿಗೇ ತಂದರು. ಎಂಟು ಅಡಿಗಳಿಗಿಂತಲೂ ಎತ್ತರವಾದ ಹಳದಿಯ ಹಕ್ಕಿಯೂ, ಕಸದ ಡಬ್ಬಿಯಲ್ಲಿ ವಾಸಮಾಡುವ ಸಿಡುಕಿನ ಪ್ರಾಣಿಯೂ ಹುಟ್ಟಿದುದು ಹೀಗೆ. ಗೊಂಬೆಗಳನ್ನು ರಚಿಸಿದವರು ಜಿಮ್ ಹೆನ್ಸನ್. ತೊಗಲುಗೊಂಬೆಯನ್ನೂ ಸೂತ್ರದ ಗೊಂಬೆಯನ್ನೂ ಇರುಳೆಲ್ಲ ಕುಳಿತು ನೋಡಿದ ಕನ್ನಡನಾಡಿನವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಸಂಸ್ಕೃತದ ಪಂಚತಂತ್ರದಲ್ಲಿ ವಿಷ್ಣುಶರ್ಮನು ಮಂದಬುದ್ಧಿಗಳಾದ ಮೂವರು ರಾಜಪುತ್ರರನ್ನು ಆರು ತಿಂಗಳಿನಲ್ಲಿ ನೀತಿಜ್ಞರನ್ನಾಗಿ ಮಾಡುವೆನೆಂದು ಪಣತೊಟ್ಟು, ನರಿ, ಸಿಂಹ, ಕಾಗೆ, ಆಮೆಗಳ ಬಾಯಲ್ಲಿಯೇ ಅಲ್ಲವೆ ಪಾಠವನ್ನು ಹೇಳಿಸಿದುದು?

೧೯೬೯ನೆಯ ನವೆಂಬರ್ ೧೦ರಂದು ಕಾರ್ಯಕ್ರಮವು ಮೊತ್ತಮೊದಲು ಪ್ರಸಾರವಾಯಿತು. ವ್ಯಾಪಾರದ ಕಾರ್ಯಕ್ರಮಗಳನ್ನು ಸೋಪಿನ ಕಂಪೆನಿಯೋ ಪಾನೀಯದ ಕಂಪೆನಿಯೋ ನಡೆಸಿಕೊಡುವಂತೆ, ಇಲ್ಲಿ ಪ್ರತಿದಿನದ ಕಾರ್ಯಕ್ರಮವನ್ನು ಅಕ್ಷರಗಳೂ ಅಂಕಿಗಳೂ ನಡೆಸಿಕೊಡುವುವೆಂದು ಸಾರುವ ಪದ್ಧತಿಯನ್ನಿಟ್ಟರು. ಮೊದಲ ದಿನದ ಪೋಷಕರು ಇಂಗ್ಲಿಷಿನ ಡಬ್ಲ್ಯು, ಎಸ್, ಇ ಎಂಬ ಮೂರು ಅಕ್ಷರಗಳು ಮತ್ತು ೨, ೩ ಎಂಬ ಎರಡು ಅಂಕಿಗಳು! ಮಕ್ಕಳನ್ನು ಸೆಳೆಯುವುದಕ್ಕೆ ವರ್ತಕರು ಯಾವ ಉಪಾಯಗಳನ್ನು ಕಂಡುಹಿಡಿದಿದ್ದರೋ, ಚಿಕ್ಕ ಚಿಕ್ಕ ತುಣುಕುಗಳು, ಹಾಡು, ಹಾಸ್ಯ, ಒಂದನ್ನೇ ಮತ್ತೆ ಮತ್ತೆ ಹೇಳುವುದು, ಅವೆಲ್ಲವನ್ನೂ ಅಕ್ಷರದ ಪ್ರಚಾರಕ್ಕೆ ಹೂಡಿದರು. ಬೀದಿಯನ್ನು ಬಡವರ ಬೀದಿಯಂತೆಯೇ ಕಟ್ಟಿದರು. ಕರಿಯರೂ ಬಿಳಿಯರೂ ಅಲ್ಲಿ ನೆರೆಹೊರೆಯವರಾಗಿ ಬಾಳುತ್ತಿದ್ದರು. ಇದೇ ಕಾರಣದಿಂದ ೧೯೭೦ರಲ್ಲಿ ಮಿಸಿಸಿಪಿ ಸಂಸ್ಥಾನದ ಅಧಿಕಾರಿಗಳು ತಮ್ಮಲ್ಲಿ ಕಾರ್ಯಕ್ರಮವನ್ನು ತೋರಿಸಕೂಡದೆಂದು ನಿರ್ಣಯಿಸಿ, ಜನರ ಆಕ್ಷೇಪಣೆಯ ಮೇಲೆ ಕೆಲವೇ ದಿವಸಗಳಲ್ಲಿ ಆ ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಮಕ್ಕಳು ನಿಜವಾಗಿಯೂ ಕಲಿತರೆ? ಪರೀಕ್ಷಾಕಾರ್ಯದಲ್ಲಿ ಹೆಸರಾದ ಒಂದು ಸಂಸ್ಥೆಯ ಸ್ಯಾಮ್ಯುಅಲ್ ಬಾಲ್, ಗೆರಿ ಆನ್ ಬೋಗಾಟ್ಸ್ ಎಂಬಿಬ್ಬರು ಮೊದಲ ಎರಡು ವರ್ಷಗಳ ಫಲವನ್ನು ಅಳೆದರು. ಹೆಚ್ಚಾಗಿ ನೋಡಿದ ಮಕ್ಕಳು ಹೆಚ್ಚಾಗಿ ಕಲಿತಿದ್ದರು. ಬಡವರ ಮಕ್ಕಳೂ ಅನುಕೂಲಸ್ಥರ ಮಕ್ಕಳೂ ಇದರಲ್ಲಿ ಒಂದೇ. ಆದರೆ ೧೯೭೫ರಲ್ಲಿ ಥಾಮಸ್ ಕುಕ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಅದೇ ಲೆಕ್ಕಗಳನ್ನು ಮತ್ತೆ ಶೋಧಿಸಿ ಒಂದು ಬಲವಾದ ಆಕ್ಷೇಪಣೆಯನ್ನೆತ್ತಿದರು. ಪರೀಕ್ಷೆಗೊಳಗಾದ ಕೆಲವು ಮನೆಗಳಿಗೆ ಆಗಾಗ ಜನರು ಹೋಗಿ, ತಾಯಂದಿರನ್ನು ಕಂಡು, ಮಕ್ಕಳಿಗೆ ಕಾರ್ಯಕ್ರಮವನ್ನು ತೋರಿಸಿರೆಂದು ಪ್ರೋತ್ಸಾಹಿಸುತ್ತಿದ್ದರು. ಕಂಡುಬಂದ ಫಲದಲ್ಲಿ ಬಹುಭಾಗವು ಆ ಪ್ರೋತ್ಸಾಹದ ಫಲವೆಂದು ಇವರ ವಾದ. ಅದಲ್ಲದೆ, ಬಡವರಿಗೂ ಧನಿಕರಿಗೂ ನಡುವಣ ಅಂತರವನ್ನು ಕಡಮೆಮಾಡಬೇಕೆಂದು ಹೊರಟ ಕಾರ್ಯಕ್ರಮವನ್ನು ಧನಿಕರ ಮಕ್ಕಳೂ ಅಷ್ಟೇ ಆಸಕ್ತಿಯಿಂದ ನೋಡಿದರೆ ಅಂತರವು ಕಡಮೆಯಾಗುವುದೆಂತು?

ಈ ಆಕ್ಷೇಪಣೆಯಲ್ಲಿ ಸತ್ಯವಿಲ್ಲವೆಂದು ಹೇಳಲಾಗದು. ಆದರೂ ನಾವು ಇದರಿಂದ ಎದೆಗುಂದಬೇಕಾಗಿಲ್ಲ. ತಾಯಿಯು ಜತೆಯಲ್ಲಿ ಕುಳಿತು ನೋಡಿ, ಆಮೇಲೆ ಮಗುವಿನೊಡನೆ ಅದರ ಮಾತನ್ನಾಡಿದ ಮನೆಗಳಲ್ಲಿ ಫಲವು ಹೆಚ್ಚೆಂದು ಮೊದಲ ಪರೀಕ್ಷಕರೂ ಕಂಡಿದ್ದರು. ಅಂದಮೇಲೆ ಇಬ್ಬರ ಮಾತೂ ಒಂದೇ ಸ್ಥಳಕ್ಕೆ ಬಂದು ನಿಲ್ಲುತ್ತದೆ. ಮುಂದೆ ೨೦೧೯ರಲ್ಲಿ ಮೆಲಿಸಾ ಕೀರ್ನಿ, ಫಿಲಿಪ್ ಲೆವೀನ್ ಎಂಬ ಅರ್ಥಶಾಸ್ತ್ರಜ್ಞರು ಇನ್ನೊಂದು ಬಗೆಯಿಂದ ಲೆಕ್ಕ ಹಾಕಿದರು. ಆ ಕಾಲದಲ್ಲಿ ಕೆಲವು ಪ್ರದೇಶಗಳಲ್ಲಿ ಕಾರ್ಯಕ್ರಮವು ಸ್ಪಷ್ಟವಾಗಿ ಬರುತ್ತಿದ್ದಿತು, ಕೆಲವು ಪ್ರದೇಶಗಳಲ್ಲಿ ಬರುತ್ತಿರಲಿಲ್ಲ. ಸ್ಪಷ್ಟವಾಗಿ ಬರುತ್ತಿದ್ದ ಕಡೆಯಲ್ಲಿ ಬೆಳೆದ ಮಕ್ಕಳು ತಮ್ಮ ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಇದ್ದುದು ಹೆಚ್ಚಾಗಿ ಕಂಡುಬಂದಿತು. ದೊಡ್ಡವರಾದಮೇಲೆ ಅವರ ಜೀವನದಲ್ಲಿ ಅದರಿಂದೇನಾಯಿತೆಂಬುದು ಮಾತ್ರ ಲೆಕ್ಕದಲ್ಲಿ ತೆಳ್ಳಗೆ ತಿಳಿಯಲಿಲ್ಲ. ೨೦೧೩ರಲ್ಲಿ ೧೫ ದೇಶಗಳ, ೧೦,೦೦೦ಕ್ಕೂ ಹೆಚ್ಚು ಮಕ್ಕಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಕ್ಷರ, ಅಂಕಿ, ಆರೋಗ್ಯ, ಇತರರಲ್ಲಿ ಸ್ನೇಹಭಾವ ಇವೆಲ್ಲದರಲ್ಲಿಯೂ ಲಾಭವು ಕಂಡಿತು.

ಒಂದು ವಿಷಾದವನ್ನೂ ಹೇಳಿಬಿಡುವೆವು. ಬಡವರ ಮಕ್ಕಳಿಗಾಗಿ ಹುಟ್ಟಿದ ಈ ಕಾರ್ಯಕ್ರಮದ ಹೊಸ ಕಂತುಗಳು ೨೦೧೬ರಿಂದ, ಹಣ ತೆತ್ತು ನೋಡುವ ಒಂದು ವಾಹಿನಿಯಲ್ಲಿ ಮೊದಲು ಬಂದು, ಒಂಬತ್ತು ತಿಂಗಳಾದಮೇಲೆ ಸಾರ್ವಜನಿಕ ದೂರದರ್ಶನಕ್ಕೆ ಬರುವಂತೆ ಒಡಂಬಡಿಕೆಯಾಯಿತು. ಖರ್ಚಿಗೆ ಹಣ ಬೇಕಷ್ಟೆ; ಹಾಗಿದ್ದರೂ ಈ ಏರ್ಪಾಡು ನಮಗೆ ರುಚಿಸಲಿಲ್ಲ.

ನಮ್ಮ ದೇಶದಲ್ಲಿ ಈ ವಿಷಯವಾಗಿ ನಡೆದ ಪ್ರಯತ್ನವು ಚಿಕ್ಕದಲ್ಲ. ಕನ್ನಡನಾಡಿಗೆ ಅದರಲ್ಲಿ ನೇರವಾದ ಪಾಲುಂಟು. ವಿಕ್ರಮ್ ಸಾರಾಭಾಯಿಯವರು ಉಪಗ್ರಹದ ಮೂಲಕ ಹಳ್ಳಿಗಳಿಗೆ ವಿದ್ಯೆಯನ್ನು ಮುಟ್ಟಿಸಬೇಕೆಂದು ಕನಸು ಕಂಡು, ೧೯೬೯ರಲ್ಲಿ ಅಮೆರಿಕೆಯವರೊಡನೆ ಒಪ್ಪಂದವಾಗುವಂತೆ ಮಾಡಿದರು. ಅದು ಕೈಗೂಡುವುದನ್ನು ನೋಡುವುದಕ್ಕೆ ಮೊದಲೇ ೧೯೭೧ರ ಕೊನೆಯಲ್ಲಿ ಗತಿಸಿದರು. ೧೯೭೫ನೆಯ ಆಗಸ್ಟ್ ೧ರಿಂದ ೧೯೭೬ನೆಯ ಜುಲೈ ೩೧ರವರೆಗೆ, ಒಂದು ವರ್ಷಕಾಲ, ಎರವು ತಂದ ಅಮೆರಿಕೆಯ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗಾಗಿ ಕಾರ್ಯಕ್ರಮಗಳು ಪ್ರಸಾರವಾದುವು. ‘ಸೈಟ್’ ಎಂಬುದು ಅದರ ಸಂಕ್ಷೇಪನಾಮ. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಬೆಳಿಗ್ಗೆ ಒಂದೂವರೆ ಗಂಟೆಯ ಕಾಲವು ಮಕ್ಕಳಿಗೆ; ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳಿಗೆ ಅದನ್ನು ಸಮನಾಗಿ ಹಂಚಿದ್ದರಿಂದ ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷಗಳು. ಸಂಜೆಯಲ್ಲಿ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬಯೋಜನೆ ಮುಂತಾದುವು.

ನಮಗೆ ಆಗ ಹತ್ತು ವರ್ಷ. ಪೆಟ್ಟಿಗೆಯು ಬಂದುದು ನಮ್ಮ ಊರಿಗಲ್ಲ, ಹೊಲ ದಾಟಿ ಹೋಗಬೇಕಾದ ಪಕ್ಕದ ಊರಿಗೆ. ಅಲ್ಲಿಯ ಶಾಲೆಯ ಮಾಳಿಗೆಯ ಮೇಲೆ ಕೋಳಿಯ ಗೂಡಿಗೆ ಹಾಕುವಂಥ ತಂತಿಯ ಬಲೆಯಿಂದ ಮಾಡಿದ, ಆಳೆತ್ತರವನ್ನೂ ಮೀರಿದ ದೊಡ್ಡದೊಂದು ಬೋಗುಣಿಯನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಮಳೆಯ ನೀರು ಹಿಡಿಯುವುದಕ್ಕೆ ತೂತಿನ ಬೋಗುಣಿಯೇಕೆಂದು ನಮ್ಮೂರ ಮುದುಕರೊಬ್ಬರು ಕೇಳಿದ್ದು ಇನ್ನೂ ನೆನಪಿದೆ. ಚಿತ್ರವು ಕಪ್ಪು ಬಿಳುಪು. ಅದರಲ್ಲಿ ಏನು ಕಂಡೆವೆಂಬುದು ಬಹುಮಟ್ಟಿಗೆ ಮರೆತುಹೋಗಿದೆ. ಆದರೆ ಪೆಟ್ಟಿಗೆಯೊಳಗಿನವರು ನಾವಾಡುವ ಭಾಷೆಯಲ್ಲಿಯೇ ಮಾತನಾಡಿದರೆಂಬ ಸಂಭ್ರಮವು ಮರೆತಿಲ್ಲ. ಎಷ್ಟೋ ದಿವಸ ವಿದ್ಯುತ್ತು ಇರುತ್ತಿರಲಿಲ್ಲ. ವಿದ್ಯುತ್ತಿದ್ದ ದಿವಸ ಪೆಟ್ಟಿಗೆಯ ಕೋಣೆಯ ಬೀಗದ ಕೈ ಇಟ್ಟುಕೊಂಡವರು ಬೇರೆ ಊರಿಗೆ ಹೋಗಿರುತ್ತಿದ್ದರು. ವರ್ಷ ತುಂಬಿದೊಡನೆ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಸರಿಸಿಕೊಂಡರು. ಬೋಗುಣಿಯು ಮಾಳಿಗೆಯ ಮೇಲೆ ಹಾಗೆಯೇ ಇದ್ದು, ಕೊನೆಗೆ ಯಾರದೋ ಹಿತ್ತಲಿನ ಬೇಲಿಯಾಯಿತು. ಆಮೇಲೆ ೧೯೭೭ರಲ್ಲಿ ಗುಲ್ಬರ್ಗದಲ್ಲಿಯೂ, ೧೯೮೧ರಲ್ಲಿ ಬೆಂಗಳೂರಿನಲ್ಲಿಯೂ ದೂರದರ್ಶನದ ಕೇಂದ್ರಗಳು ಬಂದುವು.

ಅಮೆರಿಕೆಯ ಆ ಬೀದಿಯು ಭಾರತಕ್ಕೆ ಬಂದುದು ೨೦೦೬ರಲ್ಲಿ, ‘ಗಲ್ಲಿ ಗಲ್ಲಿ ಸಿಮ್ ಸಿಮ್’ ಎಂಬ ಹೆಸರಿನಿಂದ, ಹಿಂದಿಯಲ್ಲಿ. ಅದರ ಮುಖ್ಯ ಗೊಂಬೆಯಾದ ಚಮ್ಕಿಯು ಶಾಲೆಯ ಸಮವಸ್ತ್ರವನ್ನು ತೊಟ್ಟ ಐದು ವರ್ಷದ ಹುಡುಗಿ; ಪ್ರಶ್ನೆ ಕೇಳುವುದರಲ್ಲಿ ಬಲು ಚುರುಕು. ಹೆಣ್ಣುಮಗುವನ್ನು ಸಮವಸ್ತ್ರದಲ್ಲಿ ಮುಂದೆ ನಿಲ್ಲಿಸಿದುದು ಆಕಸ್ಮಿಕವಲ್ಲ. ಬಾಂಗ್ಲಾದೇಶದಲ್ಲಿ ೨೦೦೫ರಲ್ಲಿ ‘ಸಿಸಿಮ್‌ಪುರ್’ ಆರಂಭವಾಗಿದ್ದಿತು. ದಕ್ಷಿಣಾಫ್ರಿಕೆಯ ‘ತಕಲಾನಿ ಸೆಸಮೆ’ಯಲ್ಲಿ ೨೦೦೨ರಲ್ಲಿ ಕಾಮಿ ಎಂಬ ಹಳದಿ ಬಣ್ಣದ ಗೊಂಬೆಯು ಬಂದಿತು. ಈಕೆ ತಾಯಿಯನ್ನು ಕಳೆದುಕೊಂಡ, ಎಚ್‌ಐವಿ ಸೋಂಕುಳ್ಳ ಐದು ವರ್ಷದ ಬಾಲಿಕೆ. ಆ ರೋಗವು ಮನೆಮನೆಯನ್ನು ಹೊಕ್ಕಿದ್ದ ದೇಶದಲ್ಲಿ, ಸೋಂಕಿರುವ ಮಗುವಿನೊಡನೆ ಆಟವಾಡಿದರೆ, ಕೈಹಿಡಿದರೆ ಅಪಾಯವಿಲ್ಲವೆಂಬುದನ್ನು ಈ ಗೊಂಬೆಯು ಮಕ್ಕಳಿಗೆ ಹೇಳಿಕೊಟ್ಟಿತು. ದೊಡ್ಡವರು ಮನೆಯಲ್ಲಿ ಬಾಯಿ ಬಿಡಲಾರದೆ ಇದ್ದ ಮಾತು ಅದು.

ಆರೋಗ್ಯದ ವಿಷಯಕ್ಕೆ ಬಂದುದರಿಂದ ಇನ್ನೆರಡು ಸಂಗತಿಗಳನ್ನು ಹೇಳಬೇಕು. ಸೆಸಮೆ ಬೀದಿಯಲ್ಲಿ ಬಿಸ್ಕತ್ತುಗಳನ್ನು ಕಂಡರೆ ಬಾಯಿತುಂಬ ತುರುಕಿಕೊಳ್ಳುವ ನೀಲಿ ಬಣ್ಣದ ಒಬ್ಬ ರಾಕ್ಷಸನಿದ್ದಾನೆ. ಮಕ್ಕಳಲ್ಲಿ ಅತಿಸ್ಥೌಲ್ಯವು ಹೆಚ್ಚುತ್ತಿರುವುದನ್ನು ಕಂಡು ೨೦೦೫ರಲ್ಲಿ ಅವನ ಬಾಯಿಂದಲೇ, ಬಿಸ್ಕತ್ತು ಯಾವಾಗಲೋ ಒಮ್ಮೆ ತಿನ್ನತಕ್ಕ ಪದಾರ್ಥವೆಂದು ಹೇಳಿಸಿದರು. ಅಮೆರಿಕೆಯ ಪತ್ರಿಕೆಗಳಲ್ಲಿ ಇದರಿಂದ ದೊಡ್ಡ ಗದ್ದಲವೆದ್ದಿತು. ರಾಕ್ಷಸನ ಸ್ವಧರ್ಮಕ್ಕೇ ಚ್ಯುತಿ ಬಂದಿತೆಂದು ದೊಡ್ಡವರು ವ್ಯಸನಪಟ್ಟರಂತೆ! ಅದೇ ಸುಮಾರಿನಲ್ಲಿ ಅವರು ನಡೆಸಿದ ಒಂದು ಚಿಕ್ಕ ಪ್ರಾಥಮಿಕ ಪರೀಕ್ಷೆಯಲ್ಲಿ, ಮಕ್ಕಳಿಗೆ ಬ್ರಾಕಲಿ ಎಂಬ ಹಸುರು ತರಕಾರಿಯನ್ನೂ ಚಾಕೊಲೇಟನ್ನೂ ತೋರಿಸಿ ಯಾವುದು ಬೇಕೆಂದು ಕೇಳಿದಾಗ, ತರಕಾರಿ ಬೇಕೆಂದವರು ನೂರಕ್ಕೆ ೨೨ ಮಂದಿ. ತರಕಾರಿಯ ಮೇಲೆ ಎಲ್ಮೊ ಎಂಬ ಮೆಚ್ಚಿನ ಗೊಂಬೆಯ ಚಿತ್ರವನ್ನಂಟಿಸಿದಾಗ ಅದು ೫೦ಕ್ಕೇರಿತು. ಬೇಕೆಂದು ಹೇಳುವುದು ಬೇರೆ, ತಟ್ಟೆಯಲ್ಲಿ ಬಡಿಸಿದಮೇಲೆ ತಿನ್ನುವುದು ಬೇರೆ ಎಂಬುದನ್ನು ನಮ್ಮ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಆದರೂ ಗೊಂಬೆಯ ಮಾತಿಗೆ ಎಷ್ಟು ತೂಕವುಂಟೆಂಬುದು ಇದರಿಂದ ವಿಶದವಾಗುತ್ತದೆ. ಮಿಠಾಯಿಯ ವರ್ತಕರು ಈ ತೂಕವನ್ನು ಎಂದೋ ಬಲ್ಲರು. ೨೦೧೩ರ ಸುಮಾರಿನಲ್ಲಿ ಭಾರತ, ಬಾಂಗ್ಲಾದೇಶ, ನೈಜೀರಿಯಗಳ ಮಕ್ಕಳಿಗಾಗಿ ರಾಯಾ ಎಂಬ ಆರು ವರ್ಷದ ಹುಡುಗಿಯ ಗೊಂಬೆಯನ್ನು ಮಾಡಿ, ಪಾಯಖಾನೆಗೆ ಹೋಗುವಾಗ ಚಪ್ಪಲಿ ಮೆಟ್ಟುವುದನ್ನೂ ಬಂದಮೇಲೆ ಸಾಬೂನಿನಿಂದ ಕೈತೊಳೆಯುವುದನ್ನೂ ಅವಳಿಂದ ಹೇಳಿಸಿದರು. ಮಡಿಯೆಂದೂ ಮೈಲಿಗೆಯೆಂದೂ ಗದರಿಸಿ ಕೈ ತೊಳೆಯಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಕಣ್ಣಿಗೆ ಕಾಣದ ಕ್ರಿಮಿಗಳ ಹೆಸರು ತಿಳಿದಿರಲಿಲ್ಲ. ಕಾರಣವನ್ನೂ ಹೇಳಿ ಕಲಿಸಿದರೆ ಅಭ್ಯಾಸವು ಅಜ್ಜಿಯ ಕಣ್ಣು ತಪ್ಪಿದಮೇಲೂ ಉಳಿಯಬಹುದು.

ಓದಿನ ಬಗ್ಗೆ ನಮ್ಮ ದೇಶದವರೇ ಕಂಡುಹಿಡಿದ ಒಂದು ಸುಲಭೋಪಾಯವು ಇನ್ನೂ ಹೆಚ್ಚಿನ ಪ್ರಚಾರಕ್ಕೆ ಅರ್ಹವಾಗಿದೆ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಬ್ರಿಜ್ ಕೊಠಾರಿಯವರು ೧೯೯೬ರಲ್ಲಿ ಒಂದು ಪ್ರಯೋಗವನ್ನಾರಂಭಿಸಿದರು. ಚಲನಚಿತ್ರದ ಹಾಡು ಬರುವಾಗ, ಅದರ ಸಾಹಿತ್ಯವನ್ನು ಅದೇ ಭಾಷೆಯಲ್ಲಿ ತೆರೆಯ ಕೆಳಗೆ ಬರೆದು, ಹಾಡುತ್ತಿರುವ ಪದವು ಬಣ್ಣ ಬದಲಾಯಿಸುವಂತೆ ಮಾಡುವುದು, ಇಷ್ಟೆ. ೧೯೯೯ರಲ್ಲಿ ಗುಜರಾತಿ ಹಾಡುಗಳಿಗೂ, ೨೦೦೨ರಲ್ಲಿ ‘ಚಿತ್ರಹಾರ್’ ಕಾರ್ಯಕ್ರಮದ ಹಿಂದಿ ಹಾಡುಗಳಿಗೂ ಹೀಗೆ ಮಾಡಿ ತೋರಿಸಿದರು. ಹಾಡು ಮೊದಲೇ ಬಾಯಿಗೆ ಬರುತ್ತಿರುವುದರಿಂದ ಕಣ್ಣು ಮುಂದಿನ ಪದವನ್ನು ತಾನಾಗಿಯೇ ಹುಡುಕುತ್ತದೆ. ಶಾಲೆ ಬಿಟ್ಟು ಅರೆಬರೆಯಾಗಿ ಓದು ಮರೆತವರಿಗೆ ಇದಕ್ಕಿಂತ ಖರ್ಚಿಲ್ಲದ ಪಾಠಶಾಲೆ ಇನ್ನೊಂದಿರಲಾರದು.

ಕನ್ನಡದ ಮಕ್ಕಳಿಗಾಗಿ ಕಾರ್ಯಕ್ರಮವನ್ನು ಮಾಡುವವರು ಅಮೆರಿಕೆಯ ಪಾಠವನ್ನು ಹಾಗೆಯೇ ನಕಲುಮಾಡಿದರೆ ಸಾಲದೆಂಬುದು ನಮ್ಮ ಅಭಿಪ್ರಾಯ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. ‘ಡಬ್ಲ್ಯು’ ಎಂಬ ಉದ್ದ ಹೆಸರಿನೊಳಗೆ ಅದರ ಧ್ವನಿಯೇ ಇಲ್ಲ. ನಮ್ಮಲ್ಲಿ ಕಕಾರದ ಹೆಸರೂ ಧ್ವನಿಯೂ ಒಂದೇ. ಆದುದರಿಂದ ಬಿಡಿ ಅಕ್ಷರಗಳನ್ನು ಕಲಿಸುವುದರಲ್ಲಿ ನಮಗೆ ಕಷ್ಟವು ಕಡಮೆ. ಕಷ್ಟವಿರುವುದು ಕಾಗುಣಿತದಲ್ಲಿ, ಅದಕ್ಕಿಂತ ಮಿಗಿಲಾಗಿ ಒತ್ತಕ್ಷರದಲ್ಲಿ. ತಕಾರದ ಒತ್ತೂ ರಕಾರದ ಒತ್ತೂ ಯಕಾರದ ಒತ್ತೂ ತಮ್ಮ ಮೂಲದ ರೂಪವನ್ನು ಹೋಲುವುದಿಲ್ಲ. ‘ಸೂರ್ಯ’ ಎಂಬಲ್ಲಿ ಮೊದಲು ನುಡಿಯುವ ರೇಫವನ್ನು ಆಮೇಲೆ ಬರೆಯುತ್ತೇವೆ. ಇಂಥಲ್ಲಿಯೇ ನಮ್ಮ ಎಷ್ಟೋ ಶಿಷ್ಯರು ಮುಗ್ಗರಿಸಿ ಬಿದ್ದುದು. ಕರಿಯ ಹಲಗೆಯ ಮೇಲೆ ಇದನ್ನು ಬರೆದು ತೋರಿಸಬಹುದೇ ಹೊರತು ಚಲಿಸುವಂತೆ ಮಾಡಲಾಗದು. ಚಲಿಸುವ ಚಿತ್ರದಲ್ಲಾದರೋ, ‘ಕ’ ನಿಂತಿರುವಲ್ಲಿಗೆ ಇಕಾರವು ಓಡಿ ಬಂದು ಅದರ ತಲೆಕಟ್ಟನ್ನು ತೆಗೆದು ಗುಡಿಸನ್ನು ತೊಡಿಸುವುದನ್ನು ಮಗುವು ಕಣ್ಣಾರೆ ಕಾಣಬಹುದು. ತಕಾರವು ಮುದುರಿಕೊಂಡು ಇನ್ನೊಂದು ಅಕ್ಷರದ ಕಾಲಬಳಿ ಒತ್ತಾಗಿ ಕುಳಿತುಕೊಳ್ಳುವುದನ್ನು ನೋಡಿ ನಗಬಹುದು.

ಉಚ್ಚಾರಣೆಯ ವಿಷಯವೂ ಹಾಗೆಯೇ. ನಮ್ಮ ವರ್ಣಮಾಲೆಯನ್ನು ಪ್ರಾಚೀನರು ಕಂಠದಿಂದ ತುಟಿಯವರೆಗೆ, ಹುಟ್ಟುವ ಸ್ಥಾನವನ್ನನುಸರಿಸಿ ಜೋಡಿಸಿದರು. ಶಿಕ್ಷಾಶಾಸ್ತ್ರವೆಂದು ಇದಕ್ಕೊಂದು ವೇದಾಂಗವೇ ಉಂಟು. ಲಕಾರಕ್ಕೂ ಳಕಾರಕ್ಕೂ ನಾಲಗೆಯು ಎಲ್ಲಿ ತಗಲುತ್ತದೆಂಬುದನ್ನು ಬಾಯಿಯ ದೊಡ್ಡ ಚಿತ್ರದಲ್ಲಿ ತೋರಿಸಿದರೆ, ‘ಹಳ್ಳಿ’ ‘ಹಲ್ಲಿ’ ಎಂದು ಬೆರೆಸಿಬಿಡುವ ಮಗುವಿಗೆ ಗದರಿಕೆಯಿಲ್ಲದೆಯೇ ಭೇದವು ತಿಳಿಯುತ್ತದೆ. ಮನೆಯಲ್ಲಾಡುವ ಮಾತು ಬೇರೆಯಾಗಿರುವುದು ಮಗುವಿನ ತಪ್ಪಲ್ಲವೆಂಬುದನ್ನೂ ಅಂಥ ಕಾರ್ಯಕ್ರಮವು ತೋರಿಸಲಿ. ಗೊಂಬೆಗಳಲ್ಲಿ ಒಂದು ಧಾರವಾಡದಂತೆಯೂ, ಒಂದು ಮಂಗಳೂರಿನಂತೆಯೂ, ಒಂದು ಕಲಬುರಗಿಯಂತೆಯೂ ಮಾತನಾಡಿದರೆ ಎಷ್ಟು ಚೆನ್ನ!

ಇನ್ನು ಎಚ್ಚರಿಕೆಯ ಮಾತು. ೨೦೦೩ರಲ್ಲಿ ಪೆಟ್ರೀಷಿಯ ಕೂಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂಬತ್ತು ತಿಂಗಳ ಅಮೆರಿಕೆಯ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿ ನೋಡಿದರು. ಎದುರಿಗೆ ಕುಳಿತು ಆಟವಾಡಿಸುತ್ತ ಮಾತನಾಡಿದವರಿಂದ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸುವುದನ್ನು ಕಲಿತುವು. ಅದೇ ಮಾತುಗಳನ್ನು ತೆರೆಯ ಮೇಲೆ ತೋರಿಸಿದಾಗ ಏನನ್ನೂ ಕಲಿಯಲಿಲ್ಲ. ತೀರ ಎಳೆಯ ಮಗುವಿಗೆ ತಾಯಿಯ ಮುಖವೇ ಪಾಠಪುಸ್ತಕ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ, ಒಂದು ವರ್ಷದೊಳಗಿನ ಶಿಶುವಿಗೆ ತೆರೆಯನ್ನು ತೋರಿಸಲೇ ಬಾರದೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಕೂಡದೆಂದೂ, ಅದಕ್ಕಿಂತ ಕಡಮೆಯಾದಷ್ಟೂ ಒಳ್ಳೆಯದೆಂದೂ ವಿಧಿಸಿತು. ಭಾರತೀಯ ಮಕ್ಕಳ ವೈದ್ಯರ ಸಂಘವು ೨೦೨೧ರಲ್ಲಿ ಎರಡು ವರ್ಷದವರೆಗೂ ಬೇಡವೆಂದು ಹೇಳಿತು. ಈ ಗಂಟೆಯ ಲೆಕ್ಕದಲ್ಲಿ ಕೈಯಲ್ಲಿ ಹಿಡಿಯುವ ಮೊಬೈಲೂ ಸೇರಿತೆಂಬುದನ್ನು ಮರೆಯಬಾರದು. ಒಂದು ತುತ್ತಿಗೆ ಒಂದು ಹಾಡಿನಂತೆ ಮೊಬೈಲನ್ನು ಮುಖದ ಮುಂದೆ ಹಿಡಿದು ಉಣ್ಣಿಸುವ ಪದ್ಧತಿಯು ಈಗ ಎಲ್ಲ ಮನೆಗಳಲ್ಲಿಯೂ ಕಾಣುತ್ತದೆ. ನಮ್ಮ ಮೊಮ್ಮಗಳಿಗೂ ಹೀಗೆಯೇ ಉಣ್ಣಿಸುತ್ತಿದ್ದರು. ತಾನು ತಿಂದುದು ಹುಳಿಯೋ ಸಾರೋ ಎಂಬುದನ್ನು ಆ ಮಗುವು ಅರಿಯದು. ಹಸಿವೆ ತೀರಿತೆಂಬುದನ್ನೂ ಅರಿಯದು. ನಾವು ಸೊಸೆಗೆ ಏನನ್ನೂ ಹೇಳಲಿಲ್ಲ. ಊಟದ ಹೊತ್ತಿಗೆ ಮಗುವನ್ನು ಜಗುಲಿಗೆ ಕರೆದುಕೊಂಡು ಹೋಗಿ ತಟ್ಟೆಯನ್ನು ಅದರ ಮುಂದೆಯೇ ಇಟ್ಟೆವು. ಮೊದಲ ವಾರ ಅನ್ನವು ಹೆಚ್ಚಾಗಿ ಕಾಗೆಗಳ ಪಾಲಾಯಿತು. ಈಗ ಅವಳು ತಾನೇ ಕಲಸಿಕೊಳ್ಳುತ್ತಾಳೆ.

ಮನೆಯಲ್ಲಿ ಇದನ್ನು ಬಳಸುವ ಕ್ರಮವನ್ನು ನಾವು ಕಂಡುಕೊಂಡಂತೆ ಹೇಳುವುದಾದರೆ: ಮೂರು ವರ್ಷ ತುಂಬಿದ ಮಗುವಿಗೆ ದಿನಕ್ಕೆ ಅರ್ಧ ಗಂಟೆ, ಗೊತ್ತಾದ ವೇಳೆಯಲ್ಲಿ, ಗೊತ್ತಾದ ಒಂದೇ ಕಾರ್ಯಕ್ರಮ, ಅದು ಮುಗಿದೊಡನೆ ಪೆಟ್ಟಿಗೆಯನ್ನು ಆರಿಸುವುದು. ಕಾರ್ಯಕ್ರಮವನ್ನು ಆರಿಸುವಾಗ ನಡುವೆ ಜಾಹೀರಾತು ಎಷ್ಟು ಬರುತ್ತದೆಂಬುದನ್ನು ಮೊದಲು ನೋಡಬೇಕು. ಆ ದಿನ ‘ರ’ ಕಂಡಿದ್ದರೆ, ಅಡಿಗೆಯ ಮನೆಯಲ್ಲಿ ರಾಗಿಯ ಡಬ್ಬಿಯ ಮೇಲೂ ರವೆಯ ಡಬ್ಬಿಯ ಮೇಲೂ ಕಾಗದದ ಚೀಟಿಯನ್ನಂಟಿಸಿ ಅದನ್ನು ಹುಡುಕಿಸಬಹುದು. ಬಸ್ಸಿನ ಹಲಗೆಯ ಮೇಲೆ, ಅಂಗಡಿಯ ಫಲಕದ ಮೇಲೆ ಹುಡುಕಿಸಬಹುದು. ಸ್ಲೇಟು ಬಳಪಗಳಿಲ್ಲದಿದ್ದರೆ ಮರಳೇ ಸಾಕು, ಹಿಂದಿನವರು ಅದರ ಮೇಲೆಯೇ ತಿದ್ದಿದರು.

ತಾಯಿಗೆ ಅಕ್ಷರ ಬಾರದಿದ್ದರೆ ಏನುಮಾಡುವುದೆಂದು ಕೇಳುವವರುಂಟು. ನಮ್ಮ ಬೀದಿಯಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆದು ಸಂಸಾರ ನಡೆಸುವ ಹೆಣ್ಣುಮಗಳೊಬ್ಬಳು ನಮ್ಮನ್ನು ಇದನ್ನೇ ಕೇಳಿದಳು: “ಮೇಷ್ಟ್ರೇ, ನನಗೇ ಓದೋಕೆ ಬರಾಕಿಲ್ಲ, ಮಗೀಗೆ ನಾನೇನು ಹೇಳಿಕೊಡಲಿ?” ಹೇಳಿಕೊಡಬೇಕಾದುದಿಲ್ಲ, ಕೇಳಿದರೆ ಸಾಕು ಎಂದೆವು. ಕೆಲಸ ಮುಗಿಸಿ ಬಂದ ಮೇಲೆ, ಇವತ್ತು ಗೊಂಬೆ ಏನು ಹೇಳಿತು, ಯಾವ ಅಕ್ಷರ ಬಂದಿತು, ನನಗೂ ಬರೆದು ತೋರಿಸು ಎಂದು ಮಗುವನ್ನು ಕೇಳತಕ್ಕದ್ದು. ಅವಳು ಹಾಗೆಯೇ ಮಾಡುತ್ತ ಬಂದಳು. ಹುಡುಗನು ಬರುವ ಜೂನಿನಲ್ಲಿ ಒಂದನೆಯ ತರಗತಿಗೆ ಸೇರುತ್ತಾನೆ. ತಾಯಿಯು ಮೊನ್ನೆ ಪಡಿತರದ ಅಂಗಡಿಯ ಪುಸ್ತಕದಲ್ಲಿ ಹೆಬ್ಬೆಟ್ಟನ್ನು ಒತ್ತದೆ, ಮಗನು ಕಲಿಸಿದ ಮೂರು ಅಕ್ಷರಗಳ ತನ್ನ ಹೆಸರನ್ನು ಬರೆದು ಬಂದಳಂತೆ.